ಓಪನ್ ಕಾರಿನ ಮುಂದಿನ ಗಾಜು

ಮೇಸ್ತ್ರಿ ಮಲಗಿದ್ದ ಕೋಣೆ ವರ್ಕ್‌ಶಾಪಿನ ನೆತ್ತಿಯ ಮೇಲೇ ಇತ್ತು. ನೆಲ ಮರದ ಹಲಗೆಯದು. ಕೆಳಗೆ ಒಂದು ಸ್ಪ್ಯಾನರ್ ಬಿದ್ದರೂ ಮೇಲಿನ ಹಾಸಿಗೆಗೆ ಗೊತ್ತಾಗುತ್ತಿತ್ತು.

ಕಾರಿಗೆ ಗಾಜು ಕೂರಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ ಎಂಬ ಹೆಸರಿತ್ತು. ಅಂಥವನು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಲ್ಲೇ ಕುಸಿದ. ಬಲಗೈ, ಬಲಗಾಲು, ನಾಲಿಗೆ ಮೂರೂ ಒಟ್ಟಿಗೆ ಮುಷ್ಕರ ಹೂಡಿದವು. ಆಸ್ಪತ್ರೆಯಿಂದ ಬಂದ ಮೇಲೆ ಕಾಲು ಸ್ವಲ್ಪ ಮನಸ್ಸು ಬದಲಾಯಿಸಿದಂತೆ ಕಂಡಿತು. ನಾಲಿಗೆ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ಅಕ್ಷರಗಳೂ ಮಾತಿನ ಹಿಂದೆಯೇ ಹೊರಟುಹೋಗಿದ್ದವು. ಎಡಗೈಗೆ ಪೆನ್ನು ಕೊಟ್ಟರೆ ಕೋಳಿ ಕೆದರಿದ ಹಾಗೆ ಗೀಚುತ್ತಿತ್ತು. ಹೌದು ಅನ್ನಲು ಹೋದರೆ ತಲೆ ಅಡ್ಡಡ್ಡ ಆಡುತ್ತಿತ್ತು, ಬೇಡ ಅನ್ನಲು ಹೋದರೆ ಮೇಲೆ ಕೆಳಗೆ. ಒಳಗೆ ಎಲ್ಲ ನೆಟ್ಟಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ ಅಷ್ಟೆ.

ಹೆಂಡತಿ ಒಂದು ಕೋಲು ತಂದುಕೊಟ್ಟಳು. ನೆಲಕ್ಕೆ ಒಂದು ಸಲ ಕುಟ್ಟಿದರೆ ನೀರು, ಎರಡು ಸಲ ಕುಟ್ಟಿದರೆ ಬೆಡ್‌ಪ್ಯಾನ್, ಮೂರು ಸಲವಾದರೆ ಮಗ್ಗುಲು ಬದಲಿಸಬೇಕು.

"ಇಷ್ಟೇ ಅಲ್ವಾ ಸಂಸಾರ," ಅಂದಳು ಅವಳು ದಿಂಬು ಸರಿಮಾಡುತ್ತಾ. "ಮದುವೆಯಾದಾಗಿಂದ ಇದಕ್ಕಿಂತ ಹೆಚ್ಚು ನೀವು ಯಾವತ್ತು ಮಾತಾಡಿದ್ದೀರಿ?"

ವರ್ಕ್‌ಶಾಪ್ ತಮ್ಮನ ಕೈಗೆ ಬಂತು. ಬೀದಿಯಲ್ಲಿ ಅವನಿಗೆ ಗಡಿಬಿಡಿ ಎಂದೇ ಹೆಸರು. ಒಲೆ ಹಚ್ಚುವ ಮೊದಲೇ ಕೈ ತೊಳೆದು ಎಲೆ ಮುಂದೆ ಕೂರುವ ಆಸಾಮಿ. ಕೆಟ್ಟವನಲ್ಲ, ಮೈಗಳ್ಳನೂ ಅಲ್ಲ. ಅಣ್ಣ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಹಿಡಿದು ಅಭ್ಯಾಸವೇ ಹೊರತು ತಾನೇ ಮುಂದೆ ನಿಂತು ಗಾಜು ಕೂರಿಸಿದವನಲ್ಲ. ಅಣ್ಣ ಮಲಗಿದ ಮೇಲೆ ಟ್ಯಾಕ್ಸಿಗಳ ಬಾಗಿಲ ಗಾಜು, ಸೈಡ್ ಮಿರರ್, ವೈಪರ್ ಇಷ್ಟರಲ್ಲೇ ದಿನ ತಳ್ಳುತ್ತಿದ್ದ. ದೊಡ್ಡ ಕೆಲಸ ಬಂದರೆ, ಅಣ್ಣ ಹುಷಾರಾಗಲಿ ನೋಡೋಣ ಎಂದು ಸಾಗಹಾಕುತ್ತಿದ್ದ. ಅದೂ ಮೇಲಿನ ಕೋಣೆಗೆ ಕೇಳುತ್ತಿತ್ತು.

ಕಣ್ಣಿನ ಡಾಕ್ಟರ ಕಾರು ಬಂದ ದಿನ ಮೇಸ್ತ್ರಿಗೆ ಇಂಜಿನ್ನಿನ ಸದ್ದಿನಲ್ಲೇ ಗೊತ್ತಾಯಿತು, ಇದು ಸಾಮಾನ್ಯ ಗಾಡಿಯಲ್ಲ ಎಂದು. ಹಾಲು ಕಾಯುವಾಗಿನಂಥ ಸಣ್ಣ ಸದ್ದು.

"ಊರವರ ಕಣ್ಣಿಗೆಲ್ಲ ಗಾಜು ಹಾಕೋನು ನಾನು. ನನ್ನ ಕಾರಿನ ಗಾಜೇ ಒಡೀತು ನೋಡಪ್ಪ," ಅಂದರು ಡಾಕ್ಟರು ಕೆಳಗೆ. "ಲಾರಿಯಿಂದ ಕಲ್ಲು ಸಿಡೀತು. ಹೊಸ ಗಾಜು ತರಿಸಿಟ್ಟಿದ್ದೀನಿ. ಕೂರಿಸಿಕೊಡಬೇಕು. ಮಗಳು ಬಂದಿದ್ದಾಳೆ, ನಾಳೆ ಇದರಲ್ಲೇ ಕರಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೀನಿ."

"ಟಾಪ್ ತೆರೆಯೋ ಕಾರು, ಸಾರ್," ಅಂದ ತಮ್ಮ. ದನಿಯಲ್ಲೇ ಅವನು ಒಂದು ಹೆಜ್ಜೆ ಹಿಂದೆ ಸರಿದದ್ದು ತಿಳಿಯುತ್ತಿತ್ತು.

"ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಮೇಸ್ತ್ರಿಗಳ ಕೈಕೆಳಗೆ ಪಳಗಿದ ಕೈ."

ತಮ್ಮ ಮೆಟ್ಟಿಲನ್ನು ಹಾರಿ ಹಾರಿ ಹತ್ತಿ ಬಂದ. ಮಂಚದ ತುದಿಗೆ ಕೂತ. "ಅಣ್ಣಾ, ಓಪನ್ ಕಾರು. ಒಪ್ಪಿಕೊಳ್ಳಲಾ? ಎಷ್ಟು ದಿನ ಅಂತ ವೈಪರ್ ಬದಲಾಯಿಸಿಕೊಂಡು ಇರಲಿ ನಾನು?"

ಒಪ್ಪಿಕೋ, ಆದರೆ ಒಂದು ಮಾತು ಕೇಳು, ಎಂದು ಹೇಳಬೇಕಿತ್ತು ಮೇಸ್ತ್ರಿಗೆ. ಆ ಒಂದು ಮಾತು ಟಾಪಿನ ಬಗ್ಗೆ. ಇಂಥ ಕಾರಿನ ಗಾಜನ್ನು ಅವನು ಹಿಂದೆ ಕೂರಿಸಿದ್ದ. ಆಗ ತಮ್ಮ ಬೇರೆ ಕಡೆ ಕೆಲಸದಲ್ಲಿದ್ದ. ಬಾಯಿ ತೆರೆದ. "ಬಾ, ಬಾ," ಎಂಬ ಸದ್ದು ಬಂತು. ಇತ್ತೀಚೆಗೆ ಎಲ್ಲಕ್ಕೂ ಅದೇ ಸದ್ದು.

"ಬಾ ಅಂತಿದ್ದಾನೆ. ಬರಲಿ ಅಂತ," ಎಂದ ತಮ್ಮ ಬಾಗಿಲಲ್ಲಿ ನಿಂತಿದ್ದ ಅತ್ತಿಗೆಗೆ.

"ಅವರು ನನಗೂ ಹಾಗೇ ಅಂತಾರೆ. ಹತ್ರ ಹೋದರೆ ಹೋಗು ಅಂತ ಕೈ ಮಾಡ್ತಾರೆ," ಅಂದಳು ಅವಳು. ಆದರೂ ಮೈದುನನ ಮುಖ ನೋಡಿದವಳು ಸೆರಗು ಸಿಕ್ಕಿಸಿಕೊಂಡಳು. "ನಡಿ. ಇನ್ನೊಂದು ತುದಿ ನಾನು ಹಿಡೀತೀನಿ."

ಇಡೀ ಮಧ್ಯಾಹ್ನ ಮೇಸ್ತ್ರಿ ಕಿವಿಯಲ್ಲೇ ಕೆಲಸ ಮಾಡಿದ. ತಂತಿಯನ್ನು ಗಾಜಿನ ಅಂಚಿನೊಳಗೆ ತೂರಿಸಿ ಒಬ್ಬರು ಒಳಗಿನಿಂದ, ಒಬ್ಬರು ಹೊರಗಿನಿಂದ ಗರಗಸದ ಹಾಗೆ ಎಳೆದು ಹಳೆ ಗಮ್ ಕೊಯ್ಯುವ ಸದ್ದು ಕೇಳಿತು. ಗಾಜಿನ ಮೂಲೆಗಳಲ್ಲಿ ತಮ್ಮ ಅವಸರ ಮಾಡಲಿಲ್ಲ. ಒಳ್ಳೆಯದು. ಆಮೇಲೆ ಉಳಿ ಹಿಡಿದು ಚೌಕಟ್ಟು ಕೆರೆಯುವ ಸದ್ದು. ಬಣ್ಣ ಕೀಳದ ಹಾಗೆ ಹಗುರಾಗಿ ಕೆರೆದ. ಗನ್ನಿನಿಂದ ಗಮ್ ಬಿಡುವಾಗ ಎಲ್ಲೂ ನಿಲ್ಲಲಿಲ್ಲ. ಕಪ್ಪು ಹಗ್ಗದಂತೆ ಒಂದೇ ಎಳೆಯಾಗಿ ಸುತ್ತು ಬಂದಿರಬೇಕು. ಹೀರಿ ಹಿಡಿಯುವ ರಬ್ಬರ್ ಹಿಡಿಗಳು ಗಾಜಿಗೆ ಪಚಕ್ಕೆಂದು ಅಂಟಿದವು. ಆ ಹೊತ್ತಿಗೆ ಮೇಸ್ತ್ರಿಯ ಗಂಟಲು ಒಣಗಿಹೋಗಿತ್ತು. ಕೋಲು ಪಕ್ಕದಲ್ಲೇ ಇತ್ತು. ಅವನು ಮುಟ್ಟಲಿಲ್ಲ. ಗಾಜು ಕೈಯಲ್ಲಿರುವಾಗ ಅವಳನ್ನು ಕರೆಯುವುದುಂಟೆ.

"ಅತ್ತಿಗೆ, ಉಸಿರು ಬಿಡೋವಾಗ ಇಳಿಸಬೇಕು. ಇಬ್ಬರೂ ಒಟ್ಟಿಗೆ."

"ನಾನು ಉಸಿರಾಡೋದನ್ನೇ ನಿಲ್ಲಿಸಿದ್ದೀನಿ ಕಣಪ್ಪ. ಇಳಿಸು."

ಗಾಜು ಕೂತಿತು. ಕೂತ ಸದ್ದು ಬರಲಿಲ್ಲ, ಬರಬಾರದು. ತಮ್ಮ ಟೇಪು ಹರಿದು ಅಡ್ಡ ಅಂಟಿಸಿದ. ಟಾಪ್ ತೆರೆದಿದ್ದರೂ ಅಭ್ಯಾಸದಂತೆ ಕಿಟಕಿಗಳನ್ನು ಬೆರಳಗಲ ಇಳಿಸಿಟ್ಟ, ಬಾಗಿಲು ಹಾಕಿದರೆ ಒಳಗಿನ ಗಾಳಿ ಹಸಿ ಗಾಜನ್ನು ತಳ್ಳಬಾರದೆಂದು. ಅಷ್ಟೂ ಅಣ್ಣ ಕಲಿಸಿದ್ದೇ. ಮೇಲೆ ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು. ಎಷ್ಟೋ ದಿನಕ್ಕೆ ಅವನಿಗೆ ತಾನು ಎಲ್ಲಿದ್ದೇನೆ ಎಂಬುದು ಮರೆತಿತ್ತು.

ಸಂಜೆ ಎದುರಿನ ಮರದ ಮಿಲ್ಲಿನವರು ಎಂದಿನಂತೆ ಯಂತ್ರ ಶುರುಮಾಡಿದರು. ಗಾಳಿಗೆ ಹೊಟ್ಟು ಈ ಕಡೆಗೇ ಹಾರಿಬರುತ್ತಿತ್ತು. ಕಾರಿನ ಟಾಪ್ ತೆರೆದಿತ್ತು, ಸೀಟುಗಳು ಕೆನೆ ಬಣ್ಣದ ಚರ್ಮದವು.

ಆ ವರ್ಕ್‌ಶಾಪಿಗೆ ಒಂದು ಕಟ್ಟಳೆ ಇತ್ತು. ಗಿರಾಕಿಯ ಗಾಡಿಯನ್ನು ತೆರೆದು ಬಿಟ್ಟು ಹೋಗಬಾರದು. ಹಿಂದೆ ಯಾವುದೋ ಕಾರಿನ ಕಿಟಕಿ ತೆರೆದಿಟ್ಟು ತಮ್ಮ ಹಾಗೇ ಹೊರಟುಹೋಗಿದ್ದ. ಬೆಳಿಗ್ಗೆ ನೋಡಿದರೆ ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಆ ದಿನ ಅಣ್ಣ ಬೈದ ಬೈಗುಳ ಬೀದಿಗೆಲ್ಲ ಕೇಳಿತ್ತು. ಅಂದಿನಿಂದ ತಮ್ಮ ಬೀಗ ಹಾಕುವ ಮೊದಲು ಪ್ರತಿ ಗಾಡಿಯನ್ನೂ ಸುತ್ತಿ ನೋಡುತ್ತಿದ್ದ. ಸಾಮಾನ್ಯ ಕಾರಿಗೆ ಬೆರಳಗಲ ಕಿಟಕಿ ಬಿಟ್ಟರೂ ತಲೆಯ ಮೇಲೆ ತಗಡಿರುತ್ತದೆ. ಇದಕ್ಕೆ ತಲೆಯೇ ಇರಲಿಲ್ಲ.

ಮೇಸ್ತ್ರಿಗೆ ಮೋಟಾರಿನ ಸದ್ದು ಕೇಳಿತು. ಝುಂಯ್ ಎಂದು ಎಳೆದುಕೊಂಡು ಬರುವ ಸದ್ದು. ಟಾಪ್ ಹಿಂದಿನಿಂದ ಎದ್ದು ಬರುತ್ತಿತ್ತು.

ಟಾಪ್ ಬಂದು ಕೂರುವುದು ಮುಂದಿನ ಗಾಜಿನ ಚೌಕಟ್ಟಿನ ಮೇಲೆ. ಕೂತದ್ದೇ ಕೊಕ್ಕೆ ಹಾಕಿ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಚೌಕಟ್ಟು ಕೂದಲೆಳೆಯಷ್ಟು ಬಾಗುತ್ತದೆ. ಗಮ್ ಒಣಗಿದ್ದರೆ ಚಿಂತೆಯಿಲ್ಲ. ಹಸಿಯಾಗಿದ್ದರೆ ಗಾಜು ಮೇಲಿನ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ, ಹಾಗೆ ಬಿಟ್ಟುಕೊಂಡೇ ಗಟ್ಟಿಯಾಗುತ್ತದೆ. ಮೇಲೆ ರಬ್ಬರ್ ಪಟ್ಟಿ ಮುಚ್ಚಿರುವುದರಿಂದ ಹೊರಗಿನಿಂದ ಕಾಣುವುದಿಲ್ಲ. ತಲೆಯ ಮೇಲೆ ತಗಡಿಲ್ಲದ ಕಾರು ಪಲ್ಟಿಯಾದರೆ ಮುಂದೆ ಕೂತವರಿಗೂ ರಸ್ತೆಗೂ ನಡುವೆ ನಿಲ್ಲುವುದು ಆ ಚೌಕಟ್ಟು ಮತ್ತು ಅದನ್ನು ಬಿಗಿದು ಹಿಡಿದ ಗಾಜು, ಎರಡೇ.

ಮೇಸ್ತ್ರಿ ಕೋಲೆತ್ತಿ ಕುಟ್ಟಿದ. ಕುಟ್ಟುತ್ತಲೇ ಹೋದ.

ಹೆಂಡತಿ ಅಡಿಗೆಮನೆಯಿಂದ ನೀರಿನ ಲೋಟ ಹಿಡಿದು ಬಂದಳು. ಅವನು ಲೋಟವನ್ನು ತಳ್ಳಿದ. ನೀರು ಹಾಸಿಗೆಗೆ ಚೆಲ್ಲಿತು. ಅವಳು ಬೆಡ್‌ಪ್ಯಾನ್ ತಂದಳು. ಅವನು ಮತ್ತೆ ಕುಟ್ಟಿದ. ಅವಳು ಅವನ ಬೆನ್ನಿನ ಕೆಳಗೆ ಕೈಕೊಟ್ಟು ಮಗ್ಗುಲು ಬದಲಿಸಿದಳು. ಈಗ ಅವನ ಮುಖ ಗೋಡೆಯ ಕಡೆಗಿತ್ತು. ಕೆಳಗೆ ಟಕ್ ಎಂದಿತು. ಕೊಕ್ಕೆ ಬಿತ್ತು.

"ಅತ್ತಿಗೆ, ಅಣ್ಣನಿಗೆ ಏನಂತೆ?"

"ಹಠ ಅಂತೆ. ಲೆಕ್ಕ ಬಿಟ್ಟು ಕುಟ್ತಿದ್ದಾರೆ."

ಈಗಲೂ ಕೊಕ್ಕೆ ಬಿಚ್ಚಿ, ಗಾಜೆತ್ತಿ, ಗಮ್ ಒರೆಸಿ ಹೊಸದಾಗಿ ಹಾಕಬಹುದಿತ್ತು. ಅವನು ಗೋಡೆಗೆ ಕುಟ್ಟಿದ. ಅವಳು ಮೆಲ್ಲಗೆ ಕೋಲನ್ನು ಅವನ ಬೆರಳುಗಳಿಂದ ಬಿಡಿಸಿ ಮೂಲೆಯಲ್ಲಿಟ್ಟಳು. "ಸುಣ್ಣ ಉದುರುತ್ತೆ ರೀ," ಅಂದಳು. ಸಿಟ್ಟಿನಿಂದಲ್ಲ, ದಣಿವಿನಿಂದ.

ಬೆಳಿಗ್ಗೆ ಅವನು ಹಾಲು ಕುಡಿಯಲಿಲ್ಲ. ಚಮಚ ತುಟಿಗೆ ತಾಗಿದರೆ ಹಲ್ಲು ಕಚ್ಚಿಕೊಂಡ. ಅವಳು ಚಮಚ ಕೆಳಗಿಟ್ಟು ಅವನನ್ನೇ ನೋಡುತ್ತಾ ಕೂತಳು.

"ಕಾರಿನ ವಿಷಯನಾ?"

ಹೌದು, ಎಂದ ಅವನು ಒಳಗೆ. ತಲೆ ಅಡ್ಡಡ್ಡ ಆಡಿತು. ಅವನು ಕಣ್ಣು ಮುಚ್ಚಿಕೊಂಡ.

"ಅಲ್ಲ ಅಂತಿದ್ದಾನಲ್ಲ ಅತ್ತಿಗೆ," ಅಂದ ಹಿಂದಿನಿಂದ ತಮ್ಮ. ಅವನು ಸ್ನಾನ ಮಾಡಿ ಇಸ್ತ್ರಿ ಶರ್ಟು ಹಾಕಿಕೊಂಡು ಮದುಮಗನ ಹಾಗಿದ್ದ.

"ಅವರ ತಲೆಯನ್ನ ನಂಬೋ ಹಾಗಿಲ್ಲ. ನಿನ್ನೆ ಅಷ್ಟು ಕುಟ್ಟಿದರು. ಏನೋ ಇದೆ."

"ಏನಿದೆ? ಇಲ್ಲಿ ಮಲಗಿ ಅವನಿಗೆ ಏನು ಕಾಣುತ್ತೆ?" ತಮ್ಮನ ದನಿ ಸಣ್ಣಗಾಯಿತು. "ಕೆಲಸ ಕೆಟ್ಟಿದೆ ಅಂತೀರಾ?"

ಅವಳು ಇವನ ಮುಖ ನೋಡಿದಳು, ಅವನ ಮುಖ ನೋಡಿದಳು. "ಕೆಳಗೆ ಕರಕೊಂಡು ಹೋಗಿ ತೋರಿಸು," ಅಂದಳು ಕೊನೆಗೆ. "ಕಣ್ಣಾರೆ ನೋಡಲಿ. ನೋಡಿದರೆ ನಮಗೂ ಗೊತ್ತಾಗುತ್ತೆ."

ತಮ್ಮ ಬಗ್ಗಿ ಅಣ್ಣನನ್ನು ಬೆನ್ನಿಗೆ ಹಾಕಿಕೊಂಡ. ಚಿಕ್ಕವನಿದ್ದಾಗ ಇವನನ್ನು ಅಣ್ಣ ಹೊತ್ತು ತಿರುಗಿದ್ದ. "ಭಾರ ಇಳಿದಿದ್ದೀಯ ಕಣೋ," ಅಂದ ತಮ್ಮ.

ಎಷ್ಟೋ ತಿಂಗಳ ಮೇಲೆ ಮೇಸ್ತ್ರಿ ತನ್ನ ವರ್ಕ್‌ಶಾಪ್ ನೋಡಿದ. ಅದು ಅವನ ನೆನಪಿಗಿಂತ ಚಿಕ್ಕದಾಗಿತ್ತು, ಚೊಕ್ಕಟವಾಗಿತ್ತು. ಕಾರು ನಡುವೆ ನಿಂತಿತ್ತು. ಟೇಪು ಕಿತ್ತಾಗಿತ್ತು. ಗಾಜು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ. ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು, ಬೀಳದಿರಲೆಂದು ಬೆಲ್ಟ್ ಹಾಕಿದರು.

ಅವನು ಗಾಜಿನ ಮೇಲಂಚನ್ನು ನೋಡಿದ. ಎಡಗಡೆ ಸರಿಯಿತ್ತು. ನಡುವೆ ಸರಿಯಿತ್ತು. ಬಲಗಡೆಯ ಮೂಲೆಯಲ್ಲಿ ಗಮ್ಮಿನ ಕಪ್ಪಿನ ನಡುವೆ ದಾರದಷ್ಟು ತೆಳ್ಳಗೆ ಬೆಳಕು ಕಾಣುತ್ತಿತ್ತು. ಹುಡುಕುವವನಿಗೆ ಮಾತ್ರ ಕಾಣುವಂಥದ್ದು. ಎಡಗೈ ಎತ್ತಿದ. ಬೆಲ್ಟ್ ಎದೆಯನ್ನು ಹಿಡಿದುಕೊಂಡಿತು. ಕೈ ಅಲ್ಲಿಯವರೆಗೆ ಎಟುಕಲಿಲ್ಲ, ಗಾಳಿಯಲ್ಲೇ ನಿಂತಿತು.

"ಹ್ಞಾ, ಗಾಜು ಅಣ್ಣಾ, ಹೊಸ ಗಾಜು. ಹೇಗಿದೆ?"

ಹೆಂಡತಿ ಇನ್ನೊಂದು ಬಾಗಿಲಿನಿಂದ ಬಗ್ಗಿ ಅವನ ಮುಖವನ್ನೇ ನೋಡುತ್ತಿದ್ದಳು. "ಹೇಳ್ರೀ. ಸರಿ ಇಲ್ವಾ?"

ಮೇಸ್ತ್ರಿ ಮೈಯಲ್ಲಿದ್ದ ಬಲವನ್ನೆಲ್ಲ ಗಂಟಲಿಗೆ ತಂದ. ಮಾತಲ್ಲದಿದ್ದರೆ ಬೇಡ, ಒಂದು ಅಳು ಬಂದರೂ ಸಾಕಿತ್ತು. ಬಂದದ್ದು ನಗು. ಅವನದಲ್ಲದ ನಗು, ಹೊಟ್ಟೆಯಿಂದ ಎದ್ದು ಭುಜ ಕುಣಿಸುತ್ತಾ ಬಂತು. ನಿಲ್ಲಿಸಲು ಹೋದಷ್ಟೂ ಜೋರಾಯಿತು. ಕಣ್ಣಿನಿಂದ ನೀರು ಇಳಿಯಿತು. ಕಾಯಿಲೆ ಬಿದ್ದಾಗಿನಿಂದ ಅವನು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ತಮ್ಮ ಮೊದಲು ಬೆಚ್ಚಿದ. ಆಮೇಲೆ ಅವನ ಮುಖ ಅರಳಿತು. ತಾನೂ ನಗಲು ಶುರುಮಾಡಿದ. "ನೋಡಿ ಅತ್ತಿಗೆ. ಇದಕ್ಕೇ ಒದ್ದಾಡಿದ್ದು. ನೋಡಬೇಕು ಅಂತಿತ್ತು ಅವನಿಗೆ, ಅಷ್ಟೆ."

ಅವಳೂ ನಕ್ಕಳು. ನಗುವಾಗ ಸೆರಗಿನಿಂದ ಅವನ ಕಣ್ಣು, ಬಾಯಿ ಒರೆಸಿದಳು.

ಅಷ್ಟರಲ್ಲಿ ಡಾಕ್ಟರು ಮಗಳ ಜೊತೆ ಬಂದರು. ನಗುತ್ತಿರುವ ಮೇಸ್ತ್ರಿಯನ್ನು ಕಂಡು ಅವರಿಗೂ ಸಂತೋಷವಾಯಿತು. "ಮೇಸ್ತ್ರಿಗಳೇ ಇಳಿದು ಬಂದು ನೋಡಿದ್ದಾರೆ ಅಂದ ಮೇಲೆ ಮುಗೀತು ಬಿಡಿ," ಅಂದರು. ತಮ್ಮ ಅಣ್ಣನನ್ನು ಇಳಿಸಿ ಸ್ಟೂಲಿನ ಮೇಲೆ ಕೂರಿಸಿ ಗೋಡೆಗೆ ಒರಗಿಸಿದ. ಆ ಹುಡುಗಿ, ಅಪ್ಪನಷ್ಟೇ ಎತ್ತರದವಳು, ಮೇಸ್ತ್ರಿ ಕೂತಿದ್ದ ಸೀಟಿನಲ್ಲೇ ಕೂತಳು. "ಟಾಪ್ ತೆಗಿ ಅಪ್ಪ," ಅಂದಳು. ಕೊಕ್ಕೆ ಬಿಚ್ಚಿತು, ಟಾಪ್ ಹಿಂದಕ್ಕೆ ಮಡಚಿಕೊಂಡಿತು. ಹಾಲು ಕಾಯುವ ಸದ್ದು ಮಾಡುತ್ತಾ ಕಾರು ಬೀದಿಗಿಳಿದು ಮಿಲ್ಲಿನ ಮುಂದೆ ಹಾದು ತಿರುವಿನಲ್ಲಿ ಮರೆಯಾಯಿತು. ಮೇಸ್ತ್ರಿಯ ನಗು ಆಗ ನಿಂತಿತು.

ತಮ್ಮ ಮತ್ತೆ ಅವನನ್ನು ಹೊತ್ತುಕೊಂಡ. ಈಗ ಹೊತ್ತವನ ಕಾಲಿಗೆ ಭಾರವೇ ಇರಲಿಲ್ಲ. ಮೆಟ್ಟಿಲು ಹತ್ತುತ್ತಾ ಮಾತಾಡುತ್ತಲೇ ಇದ್ದ. ಇನ್ನು ಮೇಲೆ ಯಾವ ಕೆಲಸವನ್ನೂ ವಾಪಸ್ ಕಳಿಸೋದಿಲ್ಲ, ಬಸ್ಸಿನ ಗಾಜು ಬಂದರೂ ಸರಿ, ಕೈಗೆ ಧೈರ್ಯ ಬಂದಿದೆ ಕಣಣ್ಣಾ, ಎಂದ. ಅವನ ಬೆನ್ನಿಗೆ ಕಿವಿ ಒತ್ತಿದ್ದ ಮೇಸ್ತ್ರಿಗೆ ಆ ಮಾತು ಹಲಗೆಯ ಮೂಲಕ ಕೇಳಿದಂತೆ ಕೇಳುತ್ತಿತ್ತು. ಎಡಗೈ ಮುಷ್ಟಿ ಮಾಡಿ ತಮ್ಮನ ಭುಜಕ್ಕೆ ಗುದ್ದಿದ. ಗುದ್ದಿದ, ಗುದ್ದಿದ. ಅಷ್ಟು ಬಲವಿರಲಿಲ್ಲ ಅದರಲ್ಲಿ.

"ಸಾಕು ಬಿಡೋ ಅಣ್ಣಾ," ಅಂದ ತಮ್ಮ. "ಎಷ್ಟು ಅಂತ ಶಭಾಷ್ ಹೇಳ್ತೀಯ."

ಹಿಂದೆ ಹತ್ತುತ್ತಿದ್ದ ಹೆಂಡತಿಯ ಕಣ್ಣ ಮಟ್ಟಕ್ಕೇ ಆ ಮುಷ್ಟಿ ಇತ್ತು. ಗೆಣ್ಣುಗಳು ಬೆಳ್ಳಗಾಗಿದ್ದವು. ಅವಳು ನಿಂತಳು.

"ನಿಲ್ಲು," ಅಂದಳು. "ಅದು ಶಭಾಷ್ ಅಲ್ಲ."

ತಮ್ಮ ಮೆಟ್ಟಿಲ ನಡುವೆ ನಿಂತ. ತಿರುಗಲು ಜಾಗವಿರಲಿಲ್ಲ. "ಮತ್ತೇನು?" ಎಂದ ಗೋಡೆಗೆ.

ಅವಳು ಆ ಕೈಯನ್ನು ಹಿಡಿದುಕೊಂಡಳು. ಬಿಡಿಸಿ ನೋಡಿದಳು, ಒಳಗೆ ಏನಾದರೂ ಇದೆಯೇನೋ ಎಂಬಂತೆ. ಮೇಸ್ತ್ರಿ ಬಾಯಿ ತೆರೆದ. "ಬಾ," ಎಂದ. "ಬಾ, ಬಾ."

"ಇಲ್ಲೇ ಇದ್ದೀನಿ ರೀ," ಅಂದಳು ಅವಳು.