ನನ್ನ ಹೆಸರಿನಲ್ಲಿ ಅವಳ ದನಿ

ನನಗೆ ಸಾಲ ಕೊಡಲಾಗುವುದಿಲ್ಲವೆಂದು ಬ್ಯಾಂಕಿನವರು ಹೇಳಿದ ವಾರವೇ ತಂಗಿಗೆ ಮನೆ ಸಾಲ ಮಂಜೂರಾಯಿತು. ಅದೇ ಬ್ಯಾಂಕು, ಅದೇ ಮೇಜು. ನನ್ನ ಕ್ರೆಡಿಟ್ ರಿಪೋರ್ಟಿನಲ್ಲಿ ಒಂದೇ ಸಾಲು ಕೆಂಪಗಿತ್ತು: ಮೂರು ವರ್ಷದ ಹಿಂದಿನ ಫೋನ್ ಕರಾರು, ಬಾಕಿ ಕಟ್ಟಿಲ್ಲ, ಸುಸ್ತಿದಾರಳು.

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಪದವಿ ಮುಗಿಸಿದಾಗಿನಿಂದ, ಒಂಬತ್ತು ವರ್ಷ, ಒಂದೇ ನೆಲಮಾಳಿಗೆಯ ಬೈಂಡಿಂಗ್ ಅಂಗಡಿಯಲ್ಲಿದ್ದೇನೆ. ಯಜಮಾನರಿಗೆ ಕೈ ನಡುಗತೊಡಗಿತ್ತು. ಅಂಗಡಿಯನ್ನು ನನಗೇ ಮಾರಲು ಒಪ್ಪಿದ್ದರು. ತಿಂಗಳ ಕೊನೆಯೊಳಗೆ ಹಣ ಹೊಂದಿಸದಿದ್ದರೆ ಪಕ್ಕದ ಕುರ್ಚಿ-ಮೇಜಿನ ವ್ಯಾಪಾರಿ ಅದನ್ನು ಗೋದಾಮು ಮಾಡಿಕೊಳ್ಳುತ್ತಿದ್ದ.

ಆ ಫೋನು ಕೊಂಡವಳು ನಾನೇ. ನೆಲಮಾಳಿಗೆಯಲ್ಲಿ ಅದಕ್ಕೆ ಸಿಗ್ನಲ್ ಸಿಗಲಿಲ್ಲ. ಹದಿನಾಲ್ಕು ದಿನದೊಳಗೆ ಕಂಪನಿಗೆ ಕರೆ ಮಾಡಿ ಬೇಡವೆಂದರೆ ಕರಾರು ರದ್ದು. ಆ ಕರೆಯನ್ನು ನಾನು ಮಾಡಲಿಲ್ಲ, ತಂಗಿಗೆ ಮಾಡಲು ಹೇಳಿದೆ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹಾಗೆಯೇ. ಅಪರಿಚಿತರೊಡನೆ, ಅದರಲ್ಲೂ ಮುಖ ಕಾಣದವರೊಡನೆ ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ. ನನಗೆ ಕರೆ ಬಂದರೆ ಅಮ್ಮ ಫೋನನ್ನು ಅವಳ ಕೈಗೇ ಕೊಡುತ್ತಿದ್ದಳು. ಅವಳು 'ಹೌದು, ನಾನೇ' ಎಂದು ನನ್ನ ಹೆಸರಿನಲ್ಲಿ ಮಾತಾಡಿ ಮುಗಿಸುತ್ತಿದ್ದಳು. ಈ ಅಂಗಡಿಯ ಕೆಲಸ ಕೇಳಿದ್ದೂ ಹಾಗೆಯೇ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ಅಮ್ಮ ಅವಳನ್ನು ನೋಡಿ ಹೇಳುತ್ತಿದ್ದಳು. ನನ್ನನ್ನು ನೋಡಿ ಏನೂ ಹೇಳುತ್ತಿರಲಿಲ್ಲ.

ಫೋನನ್ನು ಮಾತ್ರ ನಾನೇ ಮಳಿಗೆಯಲ್ಲಿ ಹಿಂದಿರುಗಿಸಿದ್ದೆ. ರಸೀದಿ ಕೇಳಲು ಬಾಯಿ ತೆರೆಯಬೇಕಿತ್ತು, ಕೇಳಲಿಲ್ಲ. ಆಮೇಲಿನ ಬಿಲ್ಲುಗಳೆಲ್ಲ ನನ್ನ ಬಳಿ ಇಲ್ಲದ ಆ ಸಂಖ್ಯೆಗೇ ಹೋದವಂತೆ.

ತಂಗಿ ಕರೆಯನ್ನೇ ಮಾಡಿಲ್ಲ ಎಂದು ನಾನು ತೀರ್ಮಾನಿಸಿದೆ. ಹಾಗೆ ತೀರ್ಮಾನಿಸುವುದು ನನಗೆ ಹಿತವಾಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಅವಳ ಹೊಸ ಮನೆಗೆ ಬೆಳಕು ತುಂಬುವ ಬಾಲ್ಕನಿಯಿತ್ತು. ಆ ಬೆಳಕಿಗೆ ಒಂದು ಕಲೆ ಬೇಕಿತ್ತು ನನಗೆ.

ಕಂಪನಿಗೆ ತಕರಾರು ಬರೆದೆ. ಬರೆಯುವುದು ನನಗೆ ಬರುತ್ತದೆ. ಮೂರು ವಾರವಾದ ಮೇಲೆ, ಹಳೆಯ ಕರೆಯೊಂದರ ಧ್ವನಿಮುದ್ರಣ ಸಿಕ್ಕಿದೆ, ಬಂದು ಕೇಳಿ ಎಂದು ಉತ್ತರ ಬಂತು. ಬೇಡವೆಂದರೂ ತಂಗಿ ಜೊತೆಗೆ ಬಂದಳು.

ದೂರು ವಿಭಾಗದ ಕೋಣೆಯಲ್ಲಿ ಮೂರು ಕುರ್ಚಿ, ಒಂದು ಕಂಪ್ಯೂಟರು. ಅಲ್ಲಿದ್ದ ಹೆಂಗಸು ಗುಂಡಿ ಒತ್ತಿದರು. ಹನ್ನೆರಡನೆಯ ದಿನದ ಕರೆ. ತಂಗಿಯ ದನಿ ನನ್ನ ಹೆಸರು ಹೇಳಿತು, ನನ್ನ ಹುಟ್ಟಿದ ತಾರೀಖು ಹೇಳಿತು. ಸಿಗ್ನಲ್ ಇರುವ ಕಡೆ ಬಳಸಬಹುದಲ್ಲ ಎಂದು ಆ ಕಡೆಯವನು ಕೇಳಿದ.

"ನಾನು ಕೆಲಸ ಮಾಡೋ ಜಾಗಕ್ಕೆ ಹೊರಗಿನ ಸದ್ದೇ ಬರಲ್ಲ ರೀ. ಅದಕ್ಕೇ ನಂಗೆ ಆ ಜಾಗ ಇಷ್ಟ. ಜಾಗ ಬಿಡೋಕಾಗಲ್ಲ, ಫೋನೇ ಬಿಡ್ತೀನಿ."

ಅವನು ನಕ್ಕ. ಆಯ್ತು ಮೇಡಂ, ರದ್ದು ಮಾಡ್ತೀನಿ ಎಂದ. ಮಾಡಿರಲಿಲ್ಲ.

ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವಳಿಗೂ. ಅವಳು ನನ್ನನ್ನು ನೋಡಿ ನೋಡಿಯೇ ತಿಳಿದು, ಅಪರಿಚಿತನೊಬ್ಬನಿಗೆ, ನನಗಿಂತ ಚೆನ್ನಾಗಿ ಹೇಳಿದ್ದಳು. ಬಾಲ್ಕನಿ ಹೋಗಲಿ, ನನ್ನ ಮೌನವೂ ಅವಳ ಬಾಯಲ್ಲೇ ಚೆಂದ.

"ಇದು ನೀವೇ ತಾನೇ ಮಾತಾಡಿದ್ದು?" ಹೆಂಗಸು ಕೇಳಿದರು. "ಹೌದು ಅನ್ನಿ, ಆ ಬಾಕಿ ಈಗಲೇ ತೆಗೆಸ್ತೀನಿ."

ತಂಗಿ ನನ್ನ ಪಾದ ಒತ್ತಿದಳು. ಒಂದೇ ಪದ ಸಾಕಿತ್ತು.

"ಅಲ್ಲ," ಎಂದೆ. "ಅದು ನನ್ನ ತಂಗಿ. ನಾನೇ ಮಾತಾಡೋಕೆ ಹೇಳಿದ್ದೆ."

ಸತ್ಯ ಹೇಳಬೇಕೆಂದು ಹೇಳಿದ್ದಲ್ಲ. ಅವಳ ದನಿಯಿಂದ ಗೆಲ್ಲುವುದು ನನಗೆ ಬೇಡವಾಗಿತ್ತು.

"ಅಕ್ಕಾ," ತಂಗಿ ಹಲ್ಲು ಕಚ್ಚಿ ಪಿಸುಗುಟ್ಟಿದಳು, "ಬಾಯಿ ಬಿಡೋಕೆ ನಿಂಗೆ ಇವತ್ತೇ ಬೇಕಿತ್ತಾ?"

ಹಾಗಿದ್ದರೆ ಇಬ್ಬರೂ ಹೇಳಿಕೆ ಬರೆದುಕೊಡಬೇಕು, ಮೇಲಿನವರು ನೋಡಬೇಕು; ಕೆಂಪು ಸಾಲು ಹೋಗುವುದು ಖಂಡಿತ, ಆದರೆ ಈ ತಿಂಗಳು ಮುಗಿದ ಮೇಲೂ ಹತ್ತು ದಿನ ಹಿಡಿಯುತ್ತದೆ ಎಂದರು ಆ ಹೆಂಗಸು. ಎರಡು ಹಾಳೆ ಕೊಟ್ಟು ಹೊರಗಿನ ಬೆಂಚು ತೋರಿಸಿದರು.

"ಕೊಡಿಲ್ಲಿ, ಯಜಮಾನರಿಗೆ ನಾನೇ ಹೇಳ್ತೀನಿ," ಎಂದು ತಂಗಿ ನನ್ನ ಫೋನಿಗೆ ಕೈ ಚಾಚಿದಳು. ನಾನು ಕೊಡಲಿಲ್ಲ. ಗೋಡೆಯ ಕಡೆ ತಿರುಗಿ ನಿಂತು ಸಂಖ್ಯೆ ಒತ್ತಿದೆ.

"ಏನಮ್ಮ ಚಿಕ್ಕೋಳೇ," ಎಂದರು ಯಜಮಾನರು. ನನ್ನ ಫೋನಿನಿಂದ ಯಾವಾಗಲೂ ಮಾತಾಡುತ್ತಿದ್ದವಳು ತಂಗಿಯೇ.

"ಅವಳಲ್ಲ. ನಾನು."

ಅವರು ಸುಮ್ಮನಾದರು. ನಾನೂ ಸುಮ್ಮನಿದ್ದೆ. ಒಂಬತ್ತು ವರ್ಷ ಎದುರುಬದುರು ಹಾಗೆಯೇ ಕೂತವರು ನಾವು. ಇಬ್ಬರಿಗೂ ಅದು ಹೊಸದಲ್ಲ. ಕೊನೆಗೆ, ಇನ್ನೂ ಹತ್ತು ದಿನ ಬೇಕು ಎಂದೆ.

"ನೀನೇ ಕೇಳಿದ್ಯಲ್ಲ, ತಗೋ," ಎಂದರು. "ಹನ್ನೊಂದನೇ ದಿನ ಮಾತ್ರ ಕೇಳ್ಬೇಡ."

ತಿರುಗಿ ನೋಡಿದರೆ ತಂಗಿ ಆಗಲೇ ಬೆಂಚಿನಲ್ಲಿ ಕೂತು, ತೊಡೆಯ ಮೇಲೆ ಹಾಳೆಯಿಟ್ಟು ತನ್ನ ಹೇಳಿಕೆ ಬರೆಯುತ್ತಿದ್ದಳು. ಬರಹವಾದರೂ ನನ್ನದು ಎಂದುಕೊಂಡು ಪಕ್ಕದಲ್ಲಿ ಕೂತೆ. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿತ್ತು.