ಒಳ್ಳೆಯ ಎತ್ತಿನ ಮೇಲೆ ಹೂಡಿದ ಮೊಕದ್ದಮೆ

ಒಂದು ಪಟ್ಟಣದ ಗಾಣಿಗನ ಬಳಿ ಅಪರೂಪದ ಎತ್ತಿತ್ತು. ಹಾಯುತ್ತಿರಲಿಲ್ಲ, ಒಂದು ದಿನವೂ ಮಲಗುತ್ತಿರಲಿಲ್ಲ. ಗಾಣದ ಮನೆಗೆ ಹೆಂಚು ಹೊದಿಸಲು ಹಣ ಬೇಕಾದಾಗ ಗಾಣಿಗ ಆ ಎತ್ತಿನ ದುಡಿಮೆಯಲ್ಲಿ ಇಪ್ಪತ್ತು ಪಾಲು ಮಾಡಿ, ಪಾಲಿಗೆ ಎರಡು ವರಹದಂತೆ ಮಾರಿದ. ಒಂದು ಪಾಲಿಗೆ ವಾರಕ್ಕೆ ಒಂದು ಪಾವು ಎಣ್ಣೆ.

ಎಣ್ಣೆ ಚೊಕ್ಕವಾಗಿತ್ತು. ಜನ ಎತ್ತನ್ನು ಹೊಗಳಿದರು. ಹೊಗಳಿಕೆ ಏರಿದಂತೆ ಪಾಲಿನ ಬೆಲೆಯೂ ಕೈಯಿಂದ ಕೈಗೆ ಏರುತ್ತ ಇನ್ನೂರು ವರಹ ಮುಟ್ಟಿತು.

ಚಿದಂಬರ ಮೇಷ್ಟ್ರು ಹೊಗಳಿಕೆಯನ್ನು ನಂಬಿ ಕೆಡುವವರಲ್ಲ. ಎಂಟು ದಿನ ಗಾಣದ ಮುಂದೆ ಕೂತು, ಎಣ್ಣೆ ಮೂಸಿ, ಎತ್ತಿನ ಗೊರಸು ಮುಟ್ಟಿ ನೋಡಿದರು. ಜನ ಹೇಳಿದ್ದೆಲ್ಲ ನಿಜವಾಗಿತ್ತು. ಮನೆಗೆ ಬಂದು ಹೆಂಡತಿಯ ಕಾಸಿನ ಸರ ಕೇಳಿದರು.

"ಎತ್ತು ಒಳ್ಳೇದು, ಒಪ್ಪಿದೆ. ಇನ್ನೂರು ವರಹಕ್ಕೂ ಒಳ್ಳೇದೇನ್ರೀ?" ಎಂದರು ಭಾಗೀರಥಮ್ಮ.

"ಒಳ್ಳೇದಕ್ಕೆ ಬೆಲೆ ಕಟ್ಟೋಕಾಗುತ್ತೇನೇ?"

ಸರ ಹೋಯಿತು, ಪಾಲು ಬಂತು. ವಾರಕ್ಕೆ ಒಂದು ಪಾವು ಎಣ್ಣೆಯೂ ತಪ್ಪದೆ ಬಂತು. ಎರಡು ವರಹ ಕೊಟ್ಟವರಿಗೂ ಅಷ್ಟೇ ಬರುತ್ತಿತ್ತು. ಅವರು ಒಬ್ಬೊಬ್ಬರಾಗಿ ಮಾರಿಕೊಂಡು ಹೊರಬಿದ್ದರು. ಯುಗಾದಿಯ ಹೊತ್ತಿಗೆ ಪಾಲನ್ನು ಮೂರು ವರಹಕ್ಕೂ ಕೇಳುವವರಿರಲಿಲ್ಲ. ಭಾಗೀರಥಮ್ಮ ದಿನವೂ ಅವರ ಕಣ್ಣೆದುರೇ ಅದೇ ಎಣ್ಣೆಯಲ್ಲಿ ಒಗ್ಗರಣೆ ಹಾಕುತ್ತಿದ್ದರು. ಅದನ್ನು ತಾಳಲಾರದೆ ಮೇಷ್ಟ್ರು ಚಾವಡಿಗೆ ಹೋಗಿ ಎತ್ತಿನ ಮೇಲೆ ದೂರು ಕೊಟ್ಟರು.

"ಎಣ್ಣೆ ಕಲಬೆರಕೆಯೇ?" ಎಂದು ಪಂಚರು ಕೇಳಿದರು.

"ಅಲ್ಲ."

"ಅಳತೆಯಲ್ಲಿ ಕಡಿಮೆಯೇ?"

"ಒಂದು ಹನಿಯೂ ಇಲ್ಲ."

"ಮತ್ತೆ ತಪ್ಪೇನು?"

"ಮೂರು ವರ್ಷದಿಂದ ನಡೀತಾನೇ ಇದೆ ಸ್ವಾಮೀ, ಒಂದು ಗೇಣೂ ಮುಂದೆ ಹೋಗಿಲ್ಲ!"

ಪಂಚರು ಹಗ್ಗ ಹಿಡಿದು ಅಳೆದರು. ಮಾತು ನಿಜವಾಗಿತ್ತು. ಎತ್ತು ಮೋಸಗಾರನೆಂದು ತೀರ್ಪಾಯಿತು; ಅದನ್ನು ಸಂತೆಯಲ್ಲಿ ಮಾರಿ, ಬಂದದ್ದನ್ನು ಪಾಲುದಾರರಿಗೆ ಹಂಚತಕ್ಕದ್ದು. ಗಾಣಿಗ ಎತ್ತಿನ ಕತ್ತು ತಬ್ಬಿಕೊಂಡು ಅತ್ತ.

ಸಂತೆಯಲ್ಲಿ ಆ ಎತ್ತಿನ ಹತ್ತಿರ ಯಾರೂ ಸುಳಿಯಲಿಲ್ಲ. ಕೊನೆಗೆ ಹೊಳೆಯಾಚೆಯ ಎಣ್ಣೆ ವ್ಯಾಪಾರದ ದ್ಯಾವವ್ವ ಬಂದು ಬೆಲೆ ವಿಚಾರಿಸಿದಳು. ಮೇಷ್ಟ್ರಿಗೆ ಮನಸ್ಸು ತಡೆಯಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಹೇಳಿದರು: "ಇದು ಒಳ್ಳೇ ಎತ್ತಲ್ಲ ಕಣವ್ವಾ. ನಾನು ಕೆಟ್ಟಿದ್ದು ಸಾಕು, ನೀನೂ ಕೆಡಬೇಡ."

"ನಿಮ್ಮ ಬಾಯಿಗೆ ಸಕ್ಕರೆ ಹಾಕ, ಮೇಷ್ಟ್ರೇ," ಎಂದಳು ದ್ಯಾವವ್ವ, ಎಣಿಸಿ ಹಿಡಿದಿದ್ದ ವರಹಗಳಲ್ಲಿ ಅರ್ಧ ಮತ್ತೆ ಚೀಲಕ್ಕೆ ಹಾಕುತ್ತ. "ಅದನ್ನೇ ಇನ್ನೊಂದು ನಾಲ್ಕು ಜನಕ್ಕೆ ಕೇಳೋ ಹಂಗೆ ಗಟ್ಟಿಯಾಗಿ ಹೇಳಿ."

ಮೇಷ್ಟ್ರು ಪರೋಪಕಾರಿ. ಸಂತೆಯ ನಡುವೆ ನಿಂತು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಹೇಳಿದರು.