ಗಂಡು ಪತಂಗಗಳ ಕೋಣೆ

ರೇಷ್ಮೆ ಮೊಟ್ಟೆ ತಯಾರಿಸುವ ನಮ್ಮ ಕೇಂದ್ರದಲ್ಲಿ, ಗೂಡೊಡೆದು ಬಂದ ಪತಂಗಗಳನ್ನು ಬೆಳಗ್ಗೆಯೇ ಗಂಡು, ಹೆಣ್ಣು ಎಂದು ಬೇರೆ ಮಾಡಬೇಕು. ದಪ್ಪ ಹೊಟ್ಟೆ ಹೊತ್ತು ಇಟ್ಟಲ್ಲೇ ಕೂತರೆ ಹೆಣ್ಣು. ಸಣಕಲು ಮೈ, ಅಗಲ ಮೀಸೆ, ನಿಂತಲ್ಲಿ ನಿಲ್ಲದ ಚಡಪಡಿಕೆ ಇದ್ದರೆ ಗಂಡು. ಈ ತಳಿಯ ಹೆಣ್ಣಿಗೆ ಬೇರೆ ತಳಿಯ ಗಂಡನ್ನೇ ಕೂಡಿಸುವುದು ನಮ್ಮ ಕ್ರಮ. ಒಂದೇ ಒಂದು ಪತಂಗ ತಪ್ಪು ತಟ್ಟೆಗೆ ಬಿದ್ದರೂ ಎಲ್ಲ ಕೆಟ್ಟಂತೆ.

ತೊಟ್ಟಿಯ ಬಳಿ ತಟ್ಟೆ ತೊಳೆಯುತ್ತಿದ್ದ ನನ್ನನ್ನು ಆರಿಸುವ ಮೇಜಿಗೆ ಕೂರಿಸಿದವಳು ಅಲ್ಲೇ ಕೆಲಸ ಮಾಡುವ ನನ್ನ ಸೋದರತ್ತೆ. "ಅವಳ ಕಣ್ಣು ಚುರುಕು" ಅಂದಿದ್ದಳಂತೆ. "ಬಾಯಿ ಇನ್ನೂ ಚುರುಕು" ಅಂದರಂತೆ ಮೇಸ್ತ್ರಿ. ಇವತ್ತು ತಪ್ಪಿಲ್ಲದೆ ಆರಿಸಿದರೆ ಮೇಜು ನನ್ನದು, ಇಲ್ಲದಿದ್ದರೆ ಮತ್ತೆ ತೊಟ್ಟಿಯೇ ಗತಿ. ಮೈಯೆಲ್ಲ ಕಣ್ಣಾಗಿ ಆರಿಸಿದೆ.

ಕೆಲಸ ಮುಗಿದ ಮೇಲೆ ಮೇಸ್ತ್ರಿ ನಮ್ಮಿಬ್ಬರನ್ನೂ ಗಂಡುಗಳ ಕೋಣೆಗೆ ಕರೆದೊಯ್ದರು. ಗಂಡುಗಳು ಸುಮ್ಮನಿರಲೆಂದು ಅಲ್ಲಿ ಕಿಟಕಿ ಮುಚ್ಚಿ ತಂಪಾಗಿ ಇಟ್ಟಿರುತ್ತಾರೆ. ನಾನು ತಟ್ಟೆಯ ಮೇಲೆ ಬಾಗಿದ್ದೇ ತಡ, ಅಷ್ಟೂ ಒಮ್ಮೆಲೇ ರೆಕ್ಕೆ ಬಡಿಯತೊಡಗಿದವು.

"ಒಳಗೆ ಹೆಣ್ಣು ಬಿಟ್ಟಿದ್ದೀಯಲ್ಲ ತಾಯಿ" ಎಂದರು ಮೇಸ್ತ್ರಿ.

"ಬಿಟ್ಟಿದ್ರೆ ನನ್ನ ಹೆಸರು ಬದಲಾಯಿಸ್ಕೊಳ್ತೀನಿ!"

ಒಂದೊಂದನ್ನೇ ಎತ್ತಿ ನೋಡಿದೆ. ಎಲ್ಲ ಸಣಕಲರೇ. ಪಕ್ಕದ ತಟ್ಟೆಗೆ ಹೋದರೆ ಅಲ್ಲೂ ಅದೇ ಗಲಾಟೆ. ಮೇಸ್ತ್ರಿ ಆಗಲೇ ಬಾಗಿಲಾಚೆಯ ತೊಟ್ಟಿಯ ಕಡೆ ನೋಡುತ್ತಿದ್ದರು.

ಅತ್ತೆ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ಏ ಹುಡುಗಿ, ಈ ಅಂಚಿಗೆ ಕೈ ಹಿಡಿ."

ಹಿಡಿದೆ. ಇಡೀ ತಟ್ಟೆ ಅತ್ತ ತಿರುಗಿತು.

"ಈಗ ಆ ಕಡೆ."

ಕೈ ಸರಿಸಿದೆ. ಒಂದರ ಮೇಲೊಂದು ಹತ್ತಿ, ನಡುಗುತ್ತ, ನನ್ನ ಕೈ ಹೋದತ್ತಲೇ ಬಂದವು. ಕೈಯಲ್ಲಿ ಏನೂ ಇರಲಿಲ್ಲ.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ಳಂತೆ" ಎಂದು ಅತ್ತೆ ನಕ್ಕಳು. "ಹೆಣ್ಣು ಮುಟ್ಟಿದ ಕೈಲಿ ಅದರ ವಾಸನೆ ಇರುತ್ತೆ, ತೊಳೀದೆ ಇಲ್ಲಿಗೆ ಬರಬಾರ್ದು ಅಂತ ಹೇಳಿರ್ಲಿಲ್ವೇನೇ?"

ಹೇಳಿದ್ದಳು. ದಿನವಿಡೀ ತೊಳೆಯುವುದೇ ಕೆಲಸವಾಗಿದ್ದವಳು ಸ್ವಂತ ಕೈ ತೊಳೆಯುವುದನ್ನು ಮರೆತಿದ್ದೆ.

ಈ ಜೀವಕ್ಕೆ ಉಣ್ಣುವ ಬಾಯಿಯೇ ಇಲ್ಲ. ಬದುಕುವುದು ನಾಲ್ಕು ದಿನ. ಗೂಡೊಡೆದು ಈಗಷ್ಟೇ ಲೋಕ ಕಂಡದ್ದು, ಹೆಣ್ಣನ್ನು ಒಮ್ಮೆಯೂ ಕೂಡಿಲ್ಲ. ಆದರೂ ನನ್ನ ಬೆರಳಲ್ಲಿ ಅವಳಿದ್ದಾಳೆಂದು ಅದಕ್ಕೆ ಗೊತ್ತು. ಬೆಳಗ್ಗೆಯಿಂದ ನಾನು ಕಣ್ಣು ಕೀಲಿಸಿ ಆರಿಸಿದ್ದನ್ನು ಇವು ಕತ್ತಲಲ್ಲೇ ಆರಿಸಿದ್ದವು.

ಮೇಸ್ತ್ರಿ ಇನ್ನೊಮ್ಮೆ ತಟ್ಟೆಗಳನ್ನು ನೋಡಿದರು. "ಆರಿಸಿದ್ರಲ್ಲಿ ತಪ್ಪಿಲ್ಲ. ನಾಳೆ ಮೇಜಿಗೇ ಬಾ. ಈಗ ಹೋಗಿ ಕೈ ತೊಳ್ಕೊ."

ತೊಟ್ಟಿಯ ಬಳಿ ಹೋಗಿ ಅಂಗೈಯನ್ನು ಮೂಗಿಗೆ ಹಿಡಿದೆ. ಉಸಿರೆಳೆದು ಮೂಸಿದರೂ ಏನೂ ತಿಳಿಯಲಿಲ್ಲ. ನಲ್ಲಿ ತಿರುಗಿಸಲು ಮನಸ್ಸೇ ಬರಲಿಲ್ಲ.